ಬೀಗದೊಳಗಿನ ಕಂಪೈಲರ್: ಯಾರೋ ಬರೆದಾಗಿರುವ ಪಾಸನ್ನು ಮತ್ತೆ ಬರೆಯದಿರುವುದು ಹೇಗೆ

ಒಂದು ಭಾಗಾಕಾರ ನನ್ನ ಮೂರು ವಾರ ತಿಂದುಹಾಕಿತ್ತು.

ಆಗ ನಾನು ಒಂದು ಚಿಪ್ ಕಂಪನಿಯ ಕಂಪೈಲರ್ ತಂಡದಲ್ಲಿದ್ದೆ. ಬರೆದ ಪ್ರೋಗ್ರಾಂ ಅನ್ನು ಚಿಪ್ಪಿನ ಆದೇಶಗಳಾಗಿ ಬದಲಿಸುವ ಸಾಫ್ಟ್‌ವೇರೇ ಕಂಪೈಲರ್. ಅದು ಕೋಡನ್ನು ಹಂತ ಹಂತವಾಗಿ ತಿದ್ದುತ್ತದೆ, ಒಂದೊಂದು ಹಂತವೂ ಒಂದು ಪಾಸ್. ನಮ್ಮ ಸಿಗ್ನಲ್ ಪ್ರೊಸೆಸರ್‌ನಲ್ಲಿ ಹಾರ್ಡ್‌ವೇರ್ ಲೂಪ್ ಅಂತ ಒಂದು ಸೌಲಭ್ಯ ಇತ್ತು. ಎಷ್ಟು ಸುತ್ತು ಅಂತ ಒಂದು ರಿಜಿಸ್ಟರ್‌ಗೆ, ಅಂದರೆ ಚಿಪ್ಪಿನೊಳಗಿನ ಪುಟ್ಟ ಸಂಗ್ರಹಕ್ಕೆ, ಮೊದಲೇ ತುಂಬಿಟ್ಟರೆ ಸಾಕು. ಪ್ರತಿ ಸುತ್ತಿನ ಕೊನೆಗೆ ಎಣಿಕೆ ಇಳಿಸುವುದು, ಮುಗಿಯಿತೇ ಅಂತ ನೋಡುವುದು, ಹಿಂದಕ್ಕೆ ಜಿಗಿಯುವುದು ಎಲ್ಲವನ್ನೂ ಚಿಪ್ಪೇ ನೋಡಿಕೊಳ್ಳುತ್ತದೆ. ಸಾಮಾನ್ಯ ಲೂಪ್‌ಗಳನ್ನು ಹುಡುಕಿ ಹೀಗೆ ಬದಲಾಯಿಸುವ ಪಾಸ್ ಬರೆಯುವುದು ನನ್ನ ಕೆಲಸ. ಬರೆದೆ. ಟೆಸ್ಟ್‌ಗಳೆಲ್ಲ ಹಸಿರು. ಒಂದು ದಿನ ಗ್ರಾಹಕರ ಆಡಿಯೊ ಕೋಡ್ ಕೈಕೊಟ್ಟಿತು. 256 ಸುತ್ತು ತಿರುಗಬೇಕಾದ ಲೂಪ್ ಒಂದೇ ಸುತ್ತಿಗೆ ಹೊರಗೆ ಬಂತು.

ಲೂಪಿನೊಳಗೆ ಫಂಕ್ಷನ್ ಕಾಲ್ (ಬೇರೆ ಕಡೆ ಇರುವ ಕೋಡಿನ ತುಣುಕಿಗೆ ಕರೆ) ಇದ್ದರೆ ಅದನ್ನು ಮುಟ್ಟಬಾರದು ಅಂತ ನಾನೇ ಬರೆದಿದ್ದೆ. ಯಾಕೆಂದರೆ ಕರೆಸಿಕೊಂಡ ಫಂಕ್ಷನ್ನೂ ಅದೇ ಎಣಿಕೆ ರಿಜಿಸ್ಟರ್ ಬಳಸಬಹುದು. ಆದರೆ ಈ ಲೂಪಿನಲ್ಲಿ ಕಾಲ್ ಇರಲೇ ಇಲ್ಲ. ಇದ್ದದ್ದು ಒಂದೇ ಒಂದು 64 ಬಿಟ್ ಭಾಗಾಕಾರ. ನಮ್ಮ ಚಿಪ್‌ಗೆ ಅದನ್ನು ನೇರವಾಗಿ ಮಾಡಲು ಬರುತ್ತಿರಲಿಲ್ಲ. ಹಾಗಾಗಿ ನನ್ನ ಪಾಸ್ ಮುಗಿದು, ಇನ್ನೂ ಹತ್ತಾರು ಪಾಸ್‌ಗಳು ಮುಗಿದು, ಕೊನೆಗೆ ಚಿಪ್ಪಿನ ಆದೇಶಗಳನ್ನು ಆರಿಸುವ ಹೊತ್ತಿಗೆ ಕಂಪೈಲರ್ ಆ ಭಾಗಾಕಾರವನ್ನು ಲೈಬ್ರರಿಯ ಒಂದು ಫಂಕ್ಷನ್‌ಗೆ ಕಾಲ್ ಆಗಿ ಬದಲಿಸುತ್ತಿತ್ತು. ಆ ಫಂಕ್ಷನ್‌ನೊಳಗೂ ಒಂದು ಹಾರ್ಡ್‌ವೇರ್ ಲೂಪ್!

ಕೆಲವು ತಿಂಗಳ ನಂತರ ಒಂದು ಸಮ್ಮೇಳನದಲ್ಲಿ ಬೇರೆ ಕಂಪನಿಯ ಎಂಜಿನಿಯರ್ ಒಬ್ಬರ ಜೊತೆ ಊಟಕ್ಕೆ ಕೂತಿದ್ದೆ. ಚಿಪ್ಪಿನ ವಿವರ ಏನೂ ಹೇಳದೆ, ಲೂಪ್ ಒಂದೇ ಸುತ್ತಿಗೆ ಹೊರಬೀಳುತ್ತಿತ್ತು ಅಂತಷ್ಟೇ ಹೇಳಿದೆ. ನಾನು ಮುಗಿಸುವ ಮೊದಲೇ ಅವರು "ಭಾಗಾಕಾರ ತಾನೇ?" ಅಂದರು. ಅವರಿಗೂ ಅದೇ ಬಗ್. ಅವರಿಗೂ ವಾರಗಟ್ಟಲೆ ಹಿಡಿದಿತ್ತು. ಅವರ ಪರಿಹಾರ ಅವರ ಕಂಪನಿಯ ಬೀಗದೊಳಗೆ, ನನ್ನದು ನಮ್ಮ ಬೀಗದೊಳಗೆ. ಅಷ್ಟೇ ಅಲ್ಲ. ವಾಪಸ್ ಬಂದು, ನಮ್ಮ ಕಂಪೈಲರ್‌ಗೂ ಬುನಾದಿಯಾದ ಎಲ್‌ಎಲ್‌ವಿಎಂನ ತೆರೆದ ಮರದಲ್ಲಿ, ಅಂದರೆ ಯಾರು ಬೇಕಾದರೂ ಓದಬಹುದಾದ ಮೂಲ ಕೋಡಿನಲ್ಲಿ, ಪವರ್‌ಪಿಸಿ ಅನ್ನುವ ಚಿಪ್ ಕುಟುಂಬದ ಫೋಲ್ಡರ್ ನೋಡಿದೆ. ಮೇಲ್ನೋಟಕ್ಕೆ ಕಾಲ್ ಅಲ್ಲದಿದ್ದರೂ ಮುಂದೆ ಕಾಲ್ ಆಗಿಬಿಡುವ ಆದೇಶಗಳನ್ನು ಒಂದೊಂದಾಗಿ ತಡೆಯುವ ಉದ್ದನೆಯ ಪರೀಕ್ಷೆ ಅಲ್ಲೇ ಇತ್ತು. ನಾನು ನೋಡಿರಲಿಲ್ಲ, ಅಷ್ಟೇ.

ಅವತ್ತಿನಿಂದ ಈ ವಿಷಯ ನನ್ನ ಮನಸ್ಸಿನಿಂದ ಹೋಗಿಲ್ಲ. ಕಂಪೈಲರ್ ಕೆಲಸದಲ್ಲಿ ನಿಜವಾದ ಗುಟ್ಟು ಬಹಳ ಕಡಿಮೆ. ಆದರೂ ಎಲ್ಲಕ್ಕೂ ಒಂದೇ ಬೀಗ ಜಡಿಯುತ್ತೇವೆ. ಆಮೇಲೆ ಪ್ರತಿಯೊಂದು ಕಂಪನಿಯಲ್ಲೂ ಒಬ್ಬರು ಅದೇ ಕಲ್ಲಿಗೆ ಎಡವುತ್ತಾರೆ. ನೀವು ಅಂಥ ತಂಡದಲ್ಲಿದ್ದರೆ ಏನು ಮಾಡಬಹುದು ಅನ್ನುವುದನ್ನು ನಾನು ಮಾಡಿ ನೋಡಿದ ಕ್ರಮದಲ್ಲೇ ಬರೆಯುತ್ತೇನೆ.

ಕೋಡ್ ಬರೆಯುವ ಮೊದಲು ಹೆಸರು ಹುಡುಕಿ

ಮುಚ್ಚಿಟ್ಟು ಕೆಲಸ ಮಾಡಿದರೆ ಕೋಡ್ ಮಾತ್ರ ಬೇರೆಯಾಗುವುದಿಲ್ಲ, ಹೆಸರುಗಳೂ ಬೇರೆಯಾಗುತ್ತವೆ. ನಾನು ಹೇಳಿದ ಇದೇ ಸೌಲಭ್ಯಕ್ಕೆ ಒಬ್ಬರು ಹಾರ್ಡ್‌ವೇರ್ ಲೂಪ್ ಅನ್ನುತ್ತಾರೆ, ಇನ್ನೊಬ್ಬರು ಜೀರೋ ಓವರ್‌ಹೆಡ್ ಲೂಪ್, ಚಿಪ್ ವಿನ್ಯಾಸ ಮಾಡುವ ಆರ್ಮ್ ಕಂಪನಿಯವರು ಲೋ ಓವರ್‌ಹೆಡ್ ಲೂಪ್. ಪವರ್‌ಪಿಸಿಯಲ್ಲಿ ಅದು ಸಿಟಿಆರ್ ಲೂಪ್ (ಸಿಟಿಆರ್ ಅಂದರೆ ಅಲ್ಲಿನ ಎಣಿಕೆ ರಿಜಿಸ್ಟರ್). ನಮ್ಮ ಕಂಪನಿಯಲ್ಲಿ ಇನ್ನೂ ಬೇರೆಯದೇ ಹೆಸರು. ನಮ್ಮ ಹೆಸರಿನಲ್ಲಿ ಹುಡುಕಿದರೆ ಹೊರಗೆ ಏನೂ ಸಿಗುತ್ತಿರಲಿಲ್ಲ. "ಯಾರೂ ಮಾಡಿಲ್ಲ" ಅಂತ ನಾನು ನಂಬಿದ್ದೂ ಅದಕ್ಕೇ.

ಹಾಗಾಗಿ ಮೊದಲು ಒಂದು ಹಾಳೆಯಲ್ಲಿ ನಿಮ್ಮ ಕೆಲಸವನ್ನು ಹೆಸರಿಲ್ಲದೆ ವಿವರಿಸಿ. "ಸುತ್ತುಗಳ ಸಂಖ್ಯೆ ಲೂಪಿಗೆ ಮುಂಚೆಯೇ ಗೊತ್ತಿದ್ದರೆ, ಅದನ್ನು ಒಂದು ವಿಶೇಷ ರಿಜಿಸ್ಟರ್‌ಗೆ ಹಾಕಿ, ಕೊನೆಯ ಹೋಲಿಕೆಯನ್ನು ತೆಗೆದುಹಾಕು" – ಈ ರೀತಿ. ಆಮೇಲೆ ಎಲ್‌ಎಲ್‌ವಿಎಂನ ಟಾರ್ಗೆಟ್ ಫೋಲ್ಡರ್‌ಗೆ ಹೋಗಿ (ಕೋಡ್ ಯಾವ ಚಿಪ್ಪಿಗೆ ತಯಾರಾಗುತ್ತದೋ ಅದೇ ಟಾರ್ಗೆಟ್). ಒಂದೊಂದು ಚಿಪ್ ಕುಟುಂಬಕ್ಕೆ ಒಂದೊಂದು ಒಳಫೋಲ್ಡರ್ ಇರುತ್ತದೆ. ನಿಮ್ಮ ಚಿಪ್ಪಿಗೆ ಹತ್ತಿರದ ಸ್ವಭಾವ ಇರುವ ಎರಡು ಮೂರು ಆರಿಸಿ, ಅವುಗಳ ಪಾಸ್‌ಗಳ ಪಟ್ಟಿಯನ್ನು ಓದಿ. ಫೈಲಿನ ತಲೆಯಲ್ಲಿರುವ ಕಾಮೆಂಟ್ ಓದಿದರೆ ಸಾಕು, ಅರ್ಧ ದಿನದ ಕೆಲಸ. ಇನ್ನೊಂದು ತೆರೆದ ಕಂಪೈಲರ್ ಆದ ಜಿಸಿಸಿಯಲ್ಲೂ ಇದೇ ರೀತಿ ನೋಡಿ. ಅದರ ಕೋಡ್ ನಕಲು ಮಾಡುವುದಕ್ಕಲ್ಲ, ಅವರು ಯಾವ ಯಾವ ಸಂದರ್ಭಕ್ಕೆ ಹೆದರಿದ್ದಾರೆ ಅಂತ ತಿಳಿಯುವುದಕ್ಕೆ.

ಟೆಸ್ಟ್‌ಗಳನ್ನು ತಪ್ಪದೆ ಓದಿ. ನನ್ನ ಮಟ್ಟಿಗೆ ಕೋಡ್‌ಗಿಂತ ಟೆಸ್ಟ್‌ಗಳಿಗೇ ಬೆಲೆ ಜಾಸ್ತಿ. ಒಂದೊಂದು ವಿಚಿತ್ರ ಟೆಸ್ಟಿನ ಹಿಂದೆ ಒಬ್ಬರ ಕೆಟ್ಟ ವಾರ ಇರುತ್ತದೆ. ಉದಾಹರಣೆಗೆ, ಸೊನ್ನೆಯಿಂದ ಶುರುವಾಗಿ 'ಎನ್'ವರೆಗೆ, ಎನ್ ಕೂಡ ಸೇರಿ, ತಿರುಗುವ ಲೂಪ್. ಸುತ್ತುಗಳ ಸಂಖ್ಯೆ ಎನ್ ಪ್ಲಸ್ ಒಂದು. ಎನ್ ಚಿಹ್ನೆಯಿಲ್ಲದ 32 ಬಿಟ್ ಸಂಖ್ಯೆಯಾಗಿದ್ದು, ಅದರ ಬೆಲೆ 4294967295 ಆಗಿಬಿಟ್ಟರೆ? ಒಂದು ಕೂಡಿಸಿದ ಕೂಡಲೇ ಸೊನ್ನೆ. ಎಣಿಕೆ ರಿಜಿಸ್ಟರ್‌ಗೆ ಸೊನ್ನೆ ಹೋಗುತ್ತದೆ. ಬರೆದ ಕೋಡಿನ ಪ್ರಕಾರ ಮುಗಿಯಲೇಬಾರದ ಲೂಪ್ ಬೇರೆ ಏನೋ ಮಾಡುತ್ತದೆ. ಇದು ತಾನಾಗಿ ಹೊಳೆಯುವ ವಿಷಯವಲ್ಲ. ಯಾರೋ ಪೆಟ್ಟು ತಿಂದು ಬರೆದಿಟ್ಟದ್ದನ್ನು ಓದಿದರೆ ಸಿಗುತ್ತದೆ.

ಹಳೆಯ ಪ್ರಬಂಧಗಳನ್ನೂ ಬಿಡಬೇಡಿ. ರಿಜಿಸ್ಟರ್ ಹಂಚುವುದನ್ನು ಗ್ರಾಫ್‌ಗೆ ಬಣ್ಣ ಹಚ್ಚುವ ಸಮಸ್ಯೆಯಾಗಿ ನೋಡುವ ವಿಧಾನವನ್ನು ಚೈಟಿನ್ ಮತ್ತು ಸಂಗಡಿಗರು ಐಬಿಎಂನಿಂದ 1981ರಲ್ಲಿ ಪ್ರಕಟಿಸಿದರು. ಇವತ್ತು ಎಲ್ಲರೂ ಬಳಸುವ ಎಸ್‌ಎಸ್‌ಎ ರೂಪ (ಪ್ರತಿ ಹೆಸರಿಗೂ ಒಂದೇ ಕಡೆ ಬೆಲೆ ಕೊಡುವಂತೆ ಕೋಡ್ ಬರೆಯುವ ರೀತಿ) ಕೂಡ ಬಹುಪಾಲು ಐಬಿಎಂನಲ್ಲೇ ಬೆಳೆದದ್ದು. ಅದರ ವಿವರವಾದ ಪ್ರಬಂಧ ಬಂದದ್ದು 1991ರಲ್ಲಿ. ಕಂಪನಿಯೊಳಗೇ ಹುಟ್ಟಿದ ಕೆಲಸ ಇವು. ಪ್ರಕಟವಾದವು ಅಂತಲೇ ಎಲ್ಲರ ಕೈಗೆ ಬಂದವು. ಪೇಟೆಂಟ್ ದಾಖಲೆಗಳ ವಿಷಯ ಮಾತ್ರ ಬೇರೆ. ಅವುಗಳನ್ನು ಓದಬೇಡಿ ಅಂತಲೇ ಕೆಲವು ಕಂಪನಿಗಳ ವಕೀಲರು ಹೇಳುತ್ತಾರೆ. ಮೊದಲು ಕೇಳಿಕೊಳ್ಳಿ.

ಇನ್ನೊಂದು ಮಾತು. ನಿಮ್ಮದೇ ಕಂಪನಿಯ ಪಕ್ಕದ ತಂಡವನ್ನೂ ಕೇಳಿ. ಗ್ರಾಫಿಕ್ಸ್ ತಂಡದ ಕೋಡ್ ಸಿಗ್ನಲ್ ಪ್ರೊಸೆಸರ್ ತಂಡಕ್ಕೆ ಕಾಣದಂತೆ ಗೋಡೆ ಕಟ್ಟಿರುವ ಕಡೆ ನಾನೇ ಕೆಲಸ ಮಾಡಿದ್ದೇನೆ. ಲೂಪ್ ಬಿಚ್ಚುವ (ಕೆಲವು ಸುತ್ತುಗಳನ್ನು ಸಾಲಾಗಿ ಬರೆದುಬಿಡುವ) ಒಂದೇ ಲೆಕ್ಕಾಚಾರವನ್ನು ಎರಡೂ ಕಡೆ ಬರೆದಿದ್ದರು. ಈ ಗೋಡೆ ದಾಟಲು ವಕೀಲರೂ ಬೇಕಾಗಿಲ್ಲ, ಒಂದು ಮೇಲ್ ಸಾಕು.

ಪ್ಯಾಚ್ ರಾಶಿಯನ್ನು ಮೂರು ಗುಡ್ಡೆ ಮಾಡಿ

ತೆರೆದ ಮರದಿಂದ ನಿಮ್ಮ ಮರ ಎಲ್ಲಿ ಕವಲೊಡೆಯಿತೋ ಅಲ್ಲಿಂದ ಇಲ್ಲಿಯವರೆಗಿನ ಎಲ್ಲ ಬದಲಾವಣೆಗಳನ್ನು, ಅಂದರೆ ಪ್ಯಾಚ್‌ಗಳನ್ನು, ಹೊರತೆಗೆಯಿರಿ. ಹೊಸದಾಗಿ ಸೇರಿಸಿದ ನಿಮ್ಮದೇ ಫೈಲ್‌ಗಳನ್ನು ಸದ್ಯಕ್ಕೆ ಬದಿಗಿಡಿ. ಎಲ್ಲರೂ ಹಂಚಿಕೊಂಡಿರುವ ಫೈಲ್‌ಗಳಲ್ಲಿ ನೀವು ಮಾಡಿದ ತಿದ್ದುಪಡಿಗಳೇ ಮುಖ್ಯ. ನಿಮ್ಮನ್ನು ಹಿಂಡುವುದು ಅವೇ.

ಒಂದೊಂದನ್ನೂ ಓದಿ ಒಂದೇ ಪ್ರಶ್ನೆ ಕೇಳಿ: ಇದನ್ನು ಓದಿದ ಪ್ರತಿಸ್ಪರ್ಧಿಗೆ ನಮ್ಮ ಬಿಡುಗಡೆಯಾಗದ ಚಿಪ್ಪಿನ ಬಗ್ಗೆ ಏನಾದರೂ ತಿಳಿಯುತ್ತದೆಯೇ? ಹೌದಾದರೆ ಮೊದಲ ಗುಡ್ಡೆ. ಇನ್ನೂ ಘೋಷಿಸದ ಆದೇಶಗಳ ಹೆಸರು, ಅವುಗಳ ಬಿಟ್ ಜೋಡಣೆ, ಯಾವ ಆದೇಶಕ್ಕೆ ಎಷ್ಟು ಸೈಕಲ್ ಅನ್ನುವ ಕೋಷ್ಟಕ, ಇಂಥವು. ಇವು ನಿಜಕ್ಕೂ ಗುಟ್ಟು, ಇವನ್ನು ಕಾಯುವುದು ನಿಮ್ಮ ಕರ್ತವ್ಯ. ಎರಡನೆಯ ಗುಡ್ಡೆ, ಯಾವ ಚಿಪ್ಪಿಗಾದರೂ ಹೊಂದುವ ಕೆಲಸ: ಗಣಿತದ ಸರಳೀಕರಣ, ಬಗ್ ರಿಪೇರಿ, ಲೂಪ್ ವಿಶ್ಲೇಷಣೆಯ ಸುಧಾರಣೆ. ಮೂರನೆಯದು, ಯಾಕೆ ಇದೆ ಅಂತ ಯಾರಿಗೂ ಗೊತ್ತಿಲ್ಲದ್ದು.

ನಮ್ಮಲ್ಲಿ ಸುಮಾರು 140 ತಿದ್ದುಪಡಿ ಇದ್ದವು. ಮೊದಲ ಗುಡ್ಡೆಗೆ ಬಿದ್ದದ್ದು 20ಕ್ಕಿಂತ ಕಡಿಮೆ. ಮೂರನೆಯ ಗುಡ್ಡೆಯನ್ನು ಒಂದೊಂದಾಗಿ ಕಿತ್ತು ಟೆಸ್ಟ್ ಓಡಿಸಿದೆವು. ಹಲವಕ್ಕೆ ಏನೂ ಆಗಲಿಲ್ಲ. ಅವು ಹೊರಗಿನವರು ಎಂದೋ ಬೇರೆ ರೀತಿಯಲ್ಲಿ ಸರಿಪಡಿಸಿದ್ದ ಬಗ್‌ಗಳಿಗೆ ನಾವು ಹಾಕಿದ್ದ ತೇಪೆಗಳು. ವರ್ಷಗಟ್ಟಲೆ ಸುಮ್ನೆ ಹೊತ್ತು ತಿರುಗಿದ್ದೆವು.

ಗುಟ್ಟನ್ನು ಪ್ರಶ್ನೆಯ ಆಚೆ ಬದಿಗೆ ತಳ್ಳಿ

ತುಂಬಾ ಪ್ಯಾಚ್‌ಗಳಲ್ಲಿ ಗುಟ್ಟೂ ಸಾಮಾನ್ಯ ಕೆಲಸವೂ ಕಲಸಿಹೋಗಿರುತ್ತವೆ. ಇನ್ನೂರು ಸಾಲಿನ ಸಾಮಾನ್ಯ ಕೋಡಿನ ನಡುವೆ ಮೂರು ಸಾಲು ಗುಟ್ಟು. ಇದನ್ನು ಬೇರೆ ಮಾಡುವುದೇ ಈ ಕೆಲಸದ ಕೈಚಳಕ.

ದಾರಿ ಹೀಗೆ. ಸಾಮಾನ್ಯ ಪಾಸ್ ತಾನೇ ತೀರ್ಮಾನ ಮಾಡಬಾರದು, ಟಾರ್ಗೆಟ್ ಅನ್ನು ಕೇಳಬೇಕು. "ಈ ಲೂಪನ್ನು ಬದಲಿಸಿದರೆ ನಿನಗೆ ಲಾಭ ಇದೆಯೇ? ಎಣಿಕೆ ರಿಜಿಸ್ಟರ್ ಎಷ್ಟು ಬಿಟ್? ಒಳಗೊಂದು ಲೂಪ್ ಇದ್ದರೆ ಪರವಾಗಿಲ್ಲವೇ?" ಪ್ರಶ್ನೆಗಳು ತೆರೆದ ಮರದಲ್ಲಿ ಇರುತ್ತವೆ. ಉತ್ತರಗಳು ನಿಮ್ಮ ಚಿಪ್ಪಿನ ಫೋಲ್ಡರ್‌ನಲ್ಲಿ, ಬೀಗದೊಳಗೇ ಇರಬಹುದು. ಎಲ್‌ಎಲ್‌ವಿಎಂನಲ್ಲಿ ಇಂಥ ಪ್ರಶ್ನೆಗಳಿಗಾಗಿಯೇ ಟಾರ್ಗೆಟ್ ಟ್ರಾನ್ಸ್‌ಫಾರ್ಮ್ ಇನ್ಫೋ ಅನ್ನುವ ಪದರ ಇದೆ. ಹೊಸ ಪ್ರಶ್ನೆ ಸೇರಿಸುವಾಗ ತೆರೆದಿರುವ ಕನಿಷ್ಠ ಒಂದು ಟಾರ್ಗೆಟ್‌ಗಾದರೂ ಉತ್ತರ ಬರೆಯಿರಿ. ಯಾರೂ ಬಳಸದ ಪ್ರಶ್ನೆಯನ್ನು ಸೇರಿಸಲು, ತೆರೆದ ಮರಕ್ಕೆ ಬರುವ ಕೋಡನ್ನು ಪರಿಶೀಲಿಸುವ ವಿಮರ್ಶಕರು ಒಪ್ಪುವುದಿಲ್ಲ. ಅದು ನ್ಯಾಯವೇ, ಬಳಸದ ಕೋಡನ್ನು ಅವರು ಟೆಸ್ಟ್ ಮಾಡುವುದಾದರೂ ಹೇಗೆ?

ಹಾರ್ಡ್‌ವೇರ್ ಲೂಪ್‌ಗಳ ಮುಂದಿನ ಕಥೆಯೇ ಇದಕ್ಕೆ ಒಳ್ಳೆಯ ಮಾದರಿ. ಕ್ವಾಲ್‌ಕಾಮ್‌ನ ಹೆಕ್ಸಗನ್ ಸಿಗ್ನಲ್ ಪ್ರೊಸೆಸರ್‌ನ ಬ್ಯಾಕ್‌ಎಂಡ್ (ಆ ಚಿಪ್ಪಿಗೆ ಆದೇಶ ತಯಾರಿಸುವ ಭಾಗ) 2011ರ ಕೊನೆಗೆ ಎಲ್‌ಎಲ್‌ವಿಎಂ ಮರಕ್ಕೆ ಸೇರಿತು. ಅದರ ಹಾರ್ಡ್‌ವೇರ್ ಲೂಪ್ ಪಾಸನ್ನೇ ಆಧಾರವಾಗಿಟ್ಟು 2012ರಲ್ಲಿ ಪವರ್‌ಪಿಸಿಯ ಪಾಸ್ ಬಂತು. 2019ರಲ್ಲಿ ಪವರ್‌ಪಿಸಿಯ ಕೋಡಿನಿಂದ ಎಲ್ಲರಿಗೂ ಹೊಂದುವ ಪಾಸ್ ಒಂದನ್ನು ಬಿಡಿಸಿ ತೆಗೆದರು. ಆರ್ಮ್‌ನ ಸಣ್ಣ ಪ್ರೊಸೆಸರ್‌ಗಳಿಗೆ ಅದೇ ವರ್ಷ ಬಂದ ಹೊಸ ಲೂಪ್ ಆದೇಶಗಳು ಅದರ ಮೇಲೆ ನಿಂತವು. ಒಬ್ಬರು ತೆರೆದಿಟ್ಟದ್ದನ್ನು ಇನ್ನೊಬ್ಬರು ಎತ್ತಿಕೊಂಡು ಮುಂದೆ ಒಯ್ದರು, ಅಲ್ವಾ? ಆ ಸಾಮಾನ್ಯ ಪಾಸ್ ಬಂದ ಮೇಲೆ ನಮ್ಮ 900 ಸಾಲಿನ ಪಾಸನ್ನು ನಾನೇ ಅಳಿಸಿದೆ. ಉಳಿದದ್ದು ಪ್ರಶ್ನೆಗಳಿಗೆ ಉತ್ತರ ಹೇಳುವ ಐವತ್ತು ಚಿಲ್ಲರೆ ಸಾಲು. ಗುಟ್ಟು ಅಂತ ಇದ್ದದ್ದೂ ಅಷ್ಟೇ.

ಟೆಸ್ಟ್ ಅನ್ನು ತೊಳೆದು ಕಳಿಸಿ

ಗುಟ್ಟು ಸೋರುವುದು ಕೋಡಿನಿಂದಲ್ಲ, ಟೆಸ್ಟ್ ಫೈಲಿನಿಂದ. ಇದನ್ನು ಒಮ್ಮೆ ಕೂಲಂಕಷವಾಗಿ ನೋಡಿ. ನಿಮ್ಮ ಕಂಪೈಲರ್ ಹೊರಹಾಕುವ ಮಧ್ಯಂತರ ಕೋಡಿನ (ಮೂಲ ಕೋಡಿಗೂ ಚಿಪ್ಪಿನ ಆದೇಶಗಳಿಗೂ ನಡುವಿನ ರೂಪದ) ಫೈಲನ್ನು ತೆರೆಯಿರಿ. ತಲೆಯಲ್ಲೇ ಮೂಲ ಫೈಲಿನ ಹೆಸರು ಇರುತ್ತದೆ. ಅದರಲ್ಲಿ ಗ್ರಾಹಕರ ಪ್ರಾಜೆಕ್ಟ್ ಹೆಸರು ಇರಬಹುದು. ಅದರ ಕೆಳಗೆ ಟಾರ್ಗೆಟ್ ಹೆಸರು. ಫಂಕ್ಷನ್‌ಗಳ ಗುಣಲಕ್ಷಣಗಳ ಸಾಲಿನಲ್ಲಿ ಪ್ರೊಸೆಸರ್ ಮಾದರಿಯ ಹೆಸರು. ಕೊನೆಯಲ್ಲಿ ಕಂಪೈಲರ್ ಆವೃತ್ತಿಯ ಸಾಲು, ಅದರಲ್ಲಿ ನಿಮ್ಮ ಒಳಗಿನ ಗಿಟ್ ವಿಳಾಸವೇ ಇರುವ ಸಾಧ್ಯತೆ ಇದೆ. ಡೀಬಗ್ ಮಾಹಿತಿ ಇದ್ದರೆ ಯಾರದೋ ಯಂತ್ರದ ಪೂರ್ತಿ ಡೈರೆಕ್ಟರಿ ದಾರಿ. ಸ್ಟ್ರಕ್ಟ್‌ಗಳ (ಡೇಟಾ ಗುಂಪುಗಳ) ಹೆಸರುಗಳೂ ಇರುತ್ತವೆ.

ಕೈಯಲ್ಲಿ ಅಳಿಸುತ್ತಾ ಕೂತರೆ ಒಂದಲ್ಲ ಒಂದು ಉಳಿದೇ ಉಳಿಯುತ್ತದೆ. ಎಲ್‌ಎಲ್‌ವಿಎಂ ರೆಡ್ಯೂಸ್ ಉಪಕರಣಕ್ಕೆ ಕೊಟ್ಟು ಫೈಲನ್ನು ಕುಗ್ಗಿಸಿ. ಬಗ್ ಉಳಿಯುವಷ್ಟನ್ನು ಮಾತ್ರ ಅದು ಇಟ್ಟುಕೊಳ್ಳುತ್ತದೆ. ಸಿ ಕೋಡ್ ಆದರೆ ಸಿ-ರೆಡ್ಯೂಸ್ ಇದೆ. ಕುಗ್ಗಿದ ಮೇಲೆ ಉಳಿದ ಹತ್ತಿಪ್ಪತ್ತು ಸಾಲನ್ನು ಹೊಸ ಖಾಲಿ ಫೈಲಿನಲ್ಲಿ ನೀವೇ ಮತ್ತೆ ಟೈಪ್ ಮಾಡಿ, ಹೆಸರುಗಳನ್ನೆಲ್ಲ ಎ, ಬಿ, ಸಿ ಮಾಡಿ. ನಕಲು ಅಂಟಿಸಬೇಡಿ. ಟೈಪ್ ಮಾಡುವಾಗ ಕಣ್ಣು ಪ್ರತಿ ಪದದ ಮೇಲೂ ಬೀಳುತ್ತದೆ.

ಆಮೇಲೆ ಇದೇ ಟೆಸ್ಟ್ ಅನ್ನು ಹೊರಗಿನ ಶುದ್ಧ ಎಲ್‌ಎಲ್‌ವಿಎಂನಲ್ಲಿ, ಯಾವುದಾದರೂ ತೆರೆದ ಟಾರ್ಗೆಟ್‌ನಲ್ಲಿ ಓಡಿಸಿ. ಅಲ್ಲೂ ಬಗ್ ಕಂಡರೆ ಅದು ನಿಮ್ಮ ಗುಟ್ಟಲ್ಲ, ಎಲ್ಲರ ತೊಂದರೆ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಿಸ್ಮಿತ್ ಅನ್ನುವ ಉಪಕರಣ ತನ್ನಷ್ಟಕ್ಕೆ ಸಿ ಪ್ರೋಗ್ರಾಂಗಳನ್ನು ಹುಟ್ಟಿಸಿ ಕಂಪೈಲರ್‌ಗಳನ್ನು ಪರೀಕ್ಷಿಸಿತು. 325ಕ್ಕಿಂತ ಜಾಸ್ತಿ ಹೊಸ ಬಗ್ ಸಿಕ್ಕವು. ಪರೀಕ್ಷಿಸಿದ ಪ್ರತಿಯೊಂದು ಕಂಪೈಲರ್, ದುಡ್ಡು ಕೊಟ್ಟು ಕೊಳ್ಳುವವೂ ಸೇರಿ, ಎಲ್ಲೋ ಒಂದು ಕಡೆ ಸದ್ದಿಲ್ಲದೆ ತಪ್ಪು ಕೋಡ್ ಕೊಟ್ಟಿತ್ತು. ಇಂಥ ಪರೀಕ್ಷೆಯ ಲಾಭ ತೆರೆದ ಮರಕ್ಕೆ ತಾನಾಗಿ ಬರುತ್ತದೆ. ನಿಮ್ಮ ಬೀಗದೊಳಗಿನ ಪಾಸ್‌ಗೆ ನೀವೇ ಓಡಿಸಿಕೊಳ್ಳಬೇಕು. ಗಣಿತದ ಸರಳೀಕರಣವಾದರೆ ಅಲೈವ್2ಗೆ ಹಾಕಿ. ಮೊದಲಿನ ಮತ್ತು ನಂತರದ ಕೋಡ್ ಒಂದೇ ಅರ್ಥ ಕೊಡುತ್ತವೆಯೇ ಅಂತ ಅದು ತರ್ಕದಿಂದ ಪರೀಕ್ಷಿಸುತ್ತದೆ.

ಮ್ಯಾನೇಜರ್‌ಗೆ ಕ್ಯಾಲೆಂಡರ್ ತೋರಿಸಿ

ಹಂಚಿಕೊಳ್ಳುವುದು ಒಳ್ಳೆಯದು ಅಂತ ಹೇಳಿ ನಾನು ಎರಡು ಸಲ ಸೋತೆ. ಮೂರನೆಯ ಸಲ ಲೆಕ್ಕ ಹಿಡಿದು ಹೋದೆ. ಹೊರಗಿನ ಹೊಸ ಆವೃತ್ತಿಯನ್ನು ನಮ್ಮ ಮರಕ್ಕೆ ಸೇರಿಸುವಾಗ ಯಾವ ಪ್ಯಾಚ್ ಎಷ್ಟು ಗಂಟೆ ತಿಂದಿತು ಅಂತ ಒಂದು ವರ್ಷ ಬರೆದಿಟ್ಟಿದ್ದೆ. ಅತಿ ಹೆಚ್ಚು ಹೊತ್ತು ತಿಂದ ಹತ್ತರಲ್ಲಿ ಒಂದೂ ಗುಟ್ಟಿನ ಗುಡ್ಡೆಯದ್ದಲ್ಲ. ಆ ಒಂದು ಪುಟ ಮಾತಾಡಿತು.

ಇದಕ್ಕೆ ಜೊತೆಗೆ ಹೇಳಬೇಕಾದ ಉದಾಹರಣೆ ಪಾಯಿಂಟರ್‌ಗಳದ್ದು, ಅಂದರೆ ಡೇಟಾ ಎಲ್ಲಿದೆ ಅಂತ ತೋರಿಸುವ ವಿಳಾಸಗಳದ್ದು. ಮೊದಲು ಎಲ್‌ಎಲ್‌ವಿಎಂನಲ್ಲಿ ಪ್ರತಿ ಪಾಯಿಂಟರ್‌ಗೂ ಅದು ಯಾವ ಜಾತಿಯ ಡೇಟಾ ತೋರಿಸುತ್ತದೆ ಅನ್ನುವ ಗುರುತು ಇತ್ತು. 2022ರಲ್ಲಿ 15ನೇ ಆವೃತ್ತಿಯಿಂದ ಗುರುತಿಲ್ಲದ ಪಾಯಿಂಟರ್‌ಗಳೇ ಮಾಮೂಲಾದವು, 2023ರ 17ನೇ ಆವೃತ್ತಿಗೆ ಹಳೆಯ ರೀತಿ ಪೂರ್ತಿ ಹೋಯಿತು. ಮರದೊಳಗಿನ ಕೋಡನ್ನು ಆ ಬದಲಾವಣೆ ಮಾಡಿದವರೇ ತಿದ್ದುತ್ತಾ ಬಂದರು. ಮರದ ಹೊರಗಿದ್ದ ಪ್ರತಿಯೊಂದು ಖಾಸಗಿ ಪಾಸನ್ನು ಅದರ ಒಡೆಯರೇ ತಿದ್ದಿಕೊಳ್ಳಬೇಕಾಯಿತು. ಎಷ್ಟು ಕಂಪನಿಗಳಲ್ಲಿ ಎಷ್ಟು ಜನ ಅದೇ ತಿದ್ದುಪಡಿ ಮಾಡುತ್ತಾ ಕೂತಿದ್ದರೋ, ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ.

"ನಮ್ಮ ಕಂಪೈಲರೇ ನಮ್ಮ ಬಲ" ಅನ್ನುವ ಮಾತು ಬಂದರೆ ದೊಡ್ಡವರ ದಾರಿ ತೋರಿಸಿ. ಆರ್ಮ್ ತನ್ನ ಹಳೆಯ ಕಂಪೈಲರ್ ಬಿಟ್ಟು 2014ರಲ್ಲಿ 6ನೇ ಆವೃತ್ತಿಗೆ ಎಲ್‌ಎಲ್‌ವಿಎಂ ಹಿಡಿಯಿತು. ಇಂಟೆಲ್ 2021ರಲ್ಲಿ ತನ್ನ ಸಿ ಮತ್ತು ಸಿ++ ಕಂಪೈಲರ್‌ಗಳನ್ನು ಅದಕ್ಕೆ ಬದಲಾಯಿಸಿತು, ಹೆಸರಾಂತ ಹಳೆಯ ಐಸಿಸಿಯನ್ನು ಆಮೇಲೆ ನಿಲ್ಲಿಸಿತು. ಆದರೆ ಇದರಿಂದ ಎಲ್ಲವೂ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ಎಲ್‌ಎಲ್‌ವಿಎಂ ಲೈಸೆನ್ಸ್ ಪ್ರಕಾರ ನಿಮ್ಮ ತಿದ್ದುಪಡಿಯನ್ನು ಯಾರಿಗೂ ಕೊಡದೆ ಇಟ್ಟುಕೊಳ್ಳಬಹುದು. ಹಾಗಾಗಿ ಅಡಿಪಾಯ ಒಂದಾಯಿತು, ಮೇಲಿನ ಮಹಡಿಗಳು ಬೀಗದೊಳಗೇ ಉಳಿದವು. ಜಿಸಿಸಿಯ ಲೈಸೆನ್ಸ್ ಆದ ಜಿಪಿಎಲ್ ಪ್ರಕಾರ ಕಂಪೈಲರ್ ಪಡೆದವರಿಗೆ ಮೂಲ ಕೋಡನ್ನೂ ಕೊಡಬೇಕು. ಆದರೂ ಒಂದು ದೊಡ್ಡ ಗಂಟನ್ನು ಹೊರಗೆಸೆದ ಮಾತ್ರಕ್ಕೆ ಅದು ಎಲ್ಲರ ಮರಕ್ಕೆ ಸೇರುವುದಿಲ್ಲ. ಸೇರಿಸುವುದು ಬೇರೆಯದೇ ಕೆಲಸ.

ವಕೀಲರ ಹತ್ತಿರ ಒಂದೊಂದು ಪ್ಯಾಚ್ ಹಿಡಿದು ಹೋಗಬೇಡಿ. ಗುಡ್ಡೆಯ ಲೆಕ್ಕದಲ್ಲಿ ಅನುಮತಿ ಕೇಳಿ: "ಸಾಮಾನ್ಯ ಪಾಸ್‌ಗಳ ಬಗ್ ರಿಪೇರಿ ಮತ್ತು ಟೆಸ್ಟ್‌ಗಳಿಗೆ ಒಮ್ಮೆಗೇ ಒಪ್ಪಿಗೆ ಕೊಡಿ." ಅವರು ಪೇಟೆಂಟ್ ಬಗ್ಗೆ ಕೇಳಿಯೇ ಕೇಳುತ್ತಾರೆ. ಎಲ್‌ಎಲ್‌ವಿಎಂ 2019ರಲ್ಲಿ ಅಪಾಚೆ 2.0 ಲೈಸೆನ್ಸ್‌ಗೆ ಬದಲಾಯಿತು. ನೀವು ಕೊಟ್ಟ ಕೋಡಿಗೆ ಸಂಬಂಧಿಸಿದ ನಿಮ್ಮ ಕಂಪನಿಯ ಪೇಟೆಂಟ್ ಬಳಕೆಗೆ ಅದರಲ್ಲಿ ಅನುಮತಿ ಸೇರಿದೆ. ಇದನ್ನು ಮುಚ್ಚಿಡದೆ ನೀವೇ ಮೊದಲು ಹೇಳಿ. ಒಪ್ಪಿಗೆ ಬರುವವರೆಗೆ ಒಂದು ಸಾಲನ್ನೂ ಕಳಿಸಬೇಡಿ. ಹಿಂದಿನ ಕಂಪನಿಯಲ್ಲಿ ಬರೆದ ಕೋಡನ್ನು ನೆನಪಿನಿಂದ ಬರೆಯುವುದೂ ಬೇಡ. ನಂಬಿಕೆ ಒಮ್ಮೆ ಕೆಟ್ಟರೆ ಇಡೀ ತಂಡಕ್ಕೆ ಬಾಗಿಲು ಮುಚ್ಚುತ್ತದೆ.

ಕಳಿಸುವಾಗ

ಚಿಕ್ಕದರಿಂದ ಶುರು ಮಾಡಿ. ಮೊದಲ ಪ್ಯಾಚ್ ಒಂದು ಬಗ್ ರಿಪೇರಿ ಆಗಿರಲಿ. ಮೊದಲು ಟೆಸ್ಟ್ ಮಾತ್ರ ಸೇರಿಸಿ, ಅದರಲ್ಲಿ ಇವತ್ತಿನ ನಡವಳಿಕೆ ಇರಲಿ. ಎರಡನೆಯ ಪ್ಯಾಚ್‌ನಲ್ಲಿ ಬದಲಾವಣೆ. ಆಗ ಟೆಸ್ಟಿನಲ್ಲಿ ಏನು ಬದಲಾಯಿತು ಅಂತ ವಿಮರ್ಶಕರಿಗೆ ಒಂದೇ ನೋಟಕ್ಕೆ ಕಾಣುತ್ತದೆ. ಉತ್ತರ ತಡವಾದರೆ ಒಂದು ವಾರ ಬಿಟ್ಟು ನೆನಪಿಸಿ. ನಡುವೆ ಬೇರೆಯವರ ಪ್ಯಾಚ್‌ಗಳನ್ನು ಓದಿ ಅಭಿಪ್ರಾಯ ಹೇಳಿ, ಅವರಿಗೂ ವಿಮರ್ಶಕರು ಸಾಲುವುದಿಲ್ಲ.

ಕೋಡ್ ಕಳಿಸಲು ಒಪ್ಪಿಗೆಯೇ ಸಿಗದಿದ್ದರೆ? ಬಗ್ ವರದಿಗೆ ಒಪ್ಪಿಗೆ ಕೇಳಿ, ತೊಳೆದ ಟೆಸ್ಟ್ ಜೊತೆಗೆ. ಬಹಳಷ್ಟು ಕಡೆ ಅದಕ್ಕೆ ಹೂಂ ಅನ್ನುತ್ತಾರೆ. ಪ್ರಯತ್ನಿಸಿ ಫಲ ಕೊಡದ ದಾರಿಯ ಬಗ್ಗೆ ನಾಲ್ಕು ಸಾಲು ಬರೆಯಲೂ ಕೇಳಿ. "ಈ ಲೂಪ್‌ಗಳನ್ನು ಹೀಗೆ ಬಿಚ್ಚಿ ನೋಡಿದೆವು, ರಿಜಿಸ್ಟರ್ ಸಾಲದೆ ನಿಧಾನವಾಯಿತು" ಅಂತ ಯಾರಾದರೂ ಬರೆದಿದ್ದರೆ ನನ್ನ ಎಷ್ಟು ದಿನಗಳು ಉಳಿಯುತ್ತಿದ್ದವೋ.

ಇನ್ನು ಮೊದಲ ಗುಡ್ಡೆ, ನಿಜವಾದ ಗುಟ್ಟು. ಅದೂ ಯಾವತ್ತಿಗೂ ಗುಟ್ಟಲ್ಲ. ಚಿಪ್ ಮಾರುಕಟ್ಟೆಗೆ ಬಂದು ಕೈಪಿಡಿ ಪ್ರಕಟವಾದ ದಿನ ಆದೇಶಗಳ ಹೆಸರು ಎಲ್ಲರಿಗೂ ಗೊತ್ತು. ಹಾಗಾಗಿ ಆ ಗುಡ್ಡೆಯ ಪ್ರತಿ ಪ್ಯಾಚ್‌ನ ತಲೆಯಲ್ಲಿ ಒಂದು ಸಾಲು ಸೇರಿಸಿ: ಇದು ಯಾವಾಗ ತೆರೆಯಬಹುದು, ಯಾರ ಒಪ್ಪಿಗೆ ಬೇಕು. ಘೋಷಣೆಯ ದಿನಕ್ಕೆ ಎರಡು ತಿಂಗಳು ಮೊದಲೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಪ್ಯಾಚ್‌ಗಳನ್ನು ಹೊಸ ಆವೃತ್ತಿಯ ಮೇಲೆ ಕೂರಿಸಿ, ಟೆಸ್ಟ್‌ಗಳನ್ನು ತೊಳೆದು ಇಟ್ಟುಕೊಳ್ಳಿ. ನಾವು ಒಮ್ಮೆ ಹೀಗೆ ಮಾಡಿದ್ದೆವು. ಚಿಪ್ ಘೋಷಣೆಯಾದ ಮಧ್ಯಾಹ್ನವೇ ಮೊದಲ ಆರು ಪ್ಯಾಚ್‌ಗಳು ವಿಮರ್ಶೆಗೆ ಹೋದವು. ಅದರಲ್ಲೊಂದು ಭಾಗಾಕಾರದ ಟೆಸ್ಟ್.